ಗಣಿ ಮುಚ್ಚದೇ ಇದ್ದಿದ್ದರೆ?

ಪ್ರಶ್ನೆ: ಗಣಿ ಮುಚ್ಚಿದ್ದರಿಂದಲೇ ಕೆಜಿಎಫ್‌ನವರು ದಿನಾ ಬೆಂಗಳೂರಿಗೆ ರೈಲು ಹಿಡಿಯುವಂತಾಯಿತು ಎನ್ನುತ್ತಾರೆ. ಇದನ್ನು ಎಕನಾಮೆಟ್ರಿಕ್ಸ್‌ನಿಂದ ಅಳೆಯಬಹುದೆ? ಹೊಸಬಳಾದ ನಾನು ಎಲ್ಲಿಂದ ಶುರು ಮಾಡಲಿ?
– ಬಿ.ಕಾಂ. ವಿದ್ಯಾರ್ಥಿನಿ, ಬಂಗಾರಪೇಟೆ

ಉತ್ತರ: ಅಳೆಯಬಹುದು. ಆದರೆ ಕೆಜಿಎಫ್ ಕಡೆಯಿಂದ ಬರುವ ಮಾರಿಕುಪ್ಪಂ ರೈಲು ತುಂಬಿ ತುಳುಕುತ್ತಿದೆ ಎಂದು ತೋರಿಸಿದರೆ ಸಾಲದು. ಭಾರತ್ ಗೋಲ್ಡ್ ಮೈನ್ಸ್‌ನ ಗಣಿಗಳು ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಅದೇ ವರ್ಷಗಳಲ್ಲಿ ಬೆಂಗಳೂರೂ ಬೆಳೆಯಿತು. ಗಣಿ ನಡೆಯುತ್ತಿದ್ದರೂ ಒಂದಷ್ಟು ಮಂದಿ ಆ ರೈಲು ಹತ್ತುತ್ತಿದ್ದರು. ಅವರನ್ನು ಕಳೆದು ಉಳಿದದ್ದೇ ಗಣಿ ಮುಚ್ಚಿದ್ದರ ಪರಿಣಾಮ. ಹಾಗೆ ಕಳೆಯಲು ಗಣಿಯಿಲ್ಲದ, ಮಿಕ್ಕೆಲ್ಲದರಲ್ಲಿ ಕೆಜಿಎಫ್‌ನಂತೆಯೇ ಇರುವ ಇನ್ನೊಂದು ಊರು ಬೇಕು.

ಮಾಲೂರನ್ನು ತೆಗೆದುಕೊಳ್ಳೋಣ. ಬರೀ ಉದಾಹರಣೆಯ ಅಂಕಿ ಇವು: ರೈಲಿನಲ್ಲಿ ಹೋಗಿಬರುವವರು ಕೆಜಿಎಫ್‌ನಲ್ಲಿ ನೂರು ಮನೆಗೆ 10 ಇದ್ದದ್ದು 35 ಆಯಿತು, ಮಾಲೂರಿನಲ್ಲಿ 15 ಇದ್ದದ್ದು 30. ಏರಿಕೆ ಅಲ್ಲಿ 25, ಇಲ್ಲಿ 15. ಎರಡರ ವ್ಯತ್ಯಾಸ 10. ಇದನ್ನೇ ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ ಮನೆಗೆ ಮುಂಚಿನದೊಂದು, ಆಮೇಲಿನದೊಂದು ಸಾಲಿನಂತೆ ತುಂಬಿ. ಕೆಜಿಎಫ್ ಮನೆಗೆ 1, ಬೇರೆಯದಕ್ಕೆ 0. ಗಣಿ ಮುಚ್ಚಿದ ಮೇಲಿನ ಮಾಹಿತಿಗೆ 1, ಮುಂಚಿನದಕ್ಕೆ 0. ಮೂರನೇ ಕಾಲಂನಲ್ಲಿ ಇವೆರಡರ ಗುಣಲಬ್ಧ. ಮನೆಯಿಂದ ರೈಲು ಹತ್ತುವವರ ಸಂಖ್ಯೆಯನ್ನು ಈ ಮೂರರ ಮೇಲೆ ರಿಗ್ರೆಷನ್ ಮಾಡಿದರೆ ಆ ಮೂರನೆಯದರ ಗುಣಾಂಕ 0.10 ಬರುತ್ತದೆ, ಅಂದರೆ ನೂರು ಮನೆಗೆ ಅದೇ 10. ಗ್ರೆಟಲ್ ಎಂಬ ಉಚಿತ ತಂತ್ರಾಂಶ ಇದಕ್ಕೆ ಸಾಕು.

ಈ 10ನ್ನು ನಂಬಬೇಕಾದರೆ, ಗಣಿ ಮುಚ್ಚದಿದ್ದಲ್ಲಿ ಎರಡೂ ಊರುಗಳು ಒಂದೇ ಜಾಡಿನಲ್ಲಿ ಸಾಗುತ್ತಿದ್ದವು ಎಂದು ಒಪ್ಪಬೇಕು. ತೊಡಕಿರುವುದು ಇಲ್ಲೇ. ಮಾಲೂರಿಗೆ ಕೈಗಾರಿಕಾ ಪ್ರದೇಶ ಬಂತು. ಊರಲ್ಲೇ ಕೆಲಸ ಸಿಕ್ಕರೆ ರೈಲೇಕೆ? ನಿಮ್ಮ ಬಂಗಾರಪೇಟೆಯನ್ನೇ ಇಟ್ಟುಕೊಂಡರೆ, ಗಣಿಯವರ ಸಂಬಳ ನಿಂತಾಗ ಅಲ್ಲಿನ ಅಂಗಡಿಗಳಿಗೂ ಪೆಟ್ಟು ಬಿದ್ದಿರಬಹುದು. ಆದ್ದರಿಂದ ನಾಲ್ಕಾರು ಊರುಗಳನ್ನು ಸೇರಿಸಿ, ಯಾವುದನ್ನು ಕೈಬಿಟ್ಟರೂ ಉತ್ತರ ನಿಲ್ಲುತ್ತದೆಯೇ ನೋಡಿ. ನನ್ನನ್ನು ಕೇಳಿದರೆ, ಪುಸ್ತಕದ ಸೂತ್ರಗಳಿಗಿಂತ ಮೊದಲು ಈ ಅನುಮಾನವನ್ನು ಕಲಿಯಬೇಕು.

ಊರೂರಿನ ದುಡಿಯುವವರ ಲೆಕ್ಕ ಜನಗಣತಿಯಲ್ಲಿದೆ. 2001ರ ಗಣತಿ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ, ಗಣಿಯ ಕೊನೆಯ ದಿನಗಳಲ್ಲೇ. ಹಾಗಾಗಿ ಅದನ್ನು ಮುಚ್ಚುವ ಮುಂಚಿನ ಅಂಕಿ ಎನ್ನಬಹುದು. ಆದರೆ ಗಣಿ ಅದಕ್ಕೂ ಎಷ್ಟೋ ವರ್ಷ ಮೊದಲೇ ಸೊರಗಿತ್ತು. 1991ರ ಅಂಕಿಯನ್ನೂ ನೋಡಿ. ಆಗ ಕೆಜಿಎಫ್ ಬಂಗಾರಪೇಟೆ ತಾಲ್ಲೂಕಿಗೇ ಸೇರಿತ್ತಾದ್ದರಿಂದ ತಾಲ್ಲೂಕಿನ ಕೋಷ್ಟಕ ಬಿಟ್ಟು ಪಟ್ಟಣದ್ದನ್ನು ಹುಡುಕಿ.

ಆದರೆ ಯಾವ ಮನೆಯವರು ರೈಲು ಹತ್ತಿದರೆಂಬುದು ಈ ಕೋಷ್ಟಕಗಳಲ್ಲಿ ಸಿಗದು, ಅದನ್ನು ನೀವೇ ಕೇಳಿ ತಿಳಿಯಬೇಕು. ರೈಲಿನೊಳಗೆ ಕೇಳಬೇಡಿ, ಅಲ್ಲಿ ಸಿಗುವವರೆಲ್ಲ ರೈಲು ಹತ್ತಿದವರೇ. ಗಣಿ ಕಾರ್ಮಿಕರ ಲೈನ್ ಮನೆಗಳಿಗೆ ಹೋಗಿ. 2001ರಲ್ಲಿ ಈ ಮನೆಯಲ್ಲಿ ಯಾರ್ಯಾರಿದ್ದರು, ಅವರೀಗ ಎಲ್ಲಿದ್ದಾರೆ ಎಂದು ಕೇಳಿ. ಬೀಗ ಹಾಕಿದ ಮನೆಗಳ ಬಗ್ಗೆ ಪಕ್ಕದವರನ್ನು ವಿಚಾರಿಸಿ, ಇಲ್ಲದಿದ್ದರೆ ಊರು ಬಿಟ್ಟವರೆಲ್ಲ ಲೆಕ್ಕದಿಂದಲೇ ಜಾರಿಹೋಗುತ್ತಾರೆ. ಪ್ರಶ್ನಾವಳಿ ಕನ್ನಡದ ಜೊತೆಗೆ ತಮಿಳಿನಲ್ಲೂ ತೆಲುಗಿನಲ್ಲೂ ಇರಲಿ.