ಫ್ಯಾನ್ ತಿರುಗುವಾಗಲೂ ಕೇಳಿಸಬೇಕು

ತಮ್ಮಾ, ಹೋದ ವಾರ ಕಲಬುರಗಿಯಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಕಮಲಾಪುರಕ್ಕೆ ಬಂದು ನಮ್ಮ ಪಡಸಾಲೆಯಲ್ಲಿ ನಿನ್ನ ಒಗಟಿನ ಆಟ ಹಚ್ಚಿದೆಯಲ್ಲ, ಅದೇ ತಲೆಯಲ್ಲಿ ತಿರುಗುತ್ತಿದೆ. ಕೈ ಬೀಸಿದರೆ ಕಲ್ಲು ಸರಿಯಬೇಕು, ಬಾಯಲ್ಲಿ ಹೇಳಿದರೆ ಬಾಗಿಲು ನಿಲ್ಲಬೇಕು. ಲ್ಯಾಬಿನಲ್ಲಿ ಎಲ್ಲ ಸರಿಯಿತ್ತು ಅಂದೆ. ಇಲ್ಲಿ ಫ್ಯಾನ್ ತಿರುಗುವಾಗ ನಿನ್ನ ಅಜ್ಜಿ ನಾಲ್ಕು ಸಲ "ನಿಂದ್ರು" ಅಂದರೂ ಬಾಗಿಲು ನಿಲ್ಲಲಿಲ್ಲ. "ಇದಕ್ಕ ಕಿವಿ ಕೇಳಂಗಿಲ್ಲೇನು?" ಅಂತ ಎದ್ದುಹೋದಳು. ನೀನು ನಕ್ಕೆ. ನನಗೆ ನಗು ಬರಲಿಲ್ಲ. ಆ ಒಗಟಿನ ಉತ್ತರ ಅವಳಿಗೆ ಗೊತ್ತಿತ್ತು.

ನಾನು ಕೋಡ್ ಬರೆದವನಲ್ಲ, ಮಕ್ಕಳಿಗೆ ಗಣಿತ ಕಲಿಸಿದವನು. ಆದರೂ ಒಗಟಿನ ನ್ಯಾಯ ಬಲ್ಲೆ. ಸೋತವನು ಉತ್ತರ ಕೇಳಿ ಹಣೆ ಬಡಿದುಕೊಂಡು "ಅಯ್ಯ, ಕಣ್ಣೆದುರೇ ಇತ್ತಲ್ಲ" ಅನ್ನಬೇಕು. ಉತ್ತರ ಹೊಳೆದ ಮೇಲೂ ಅದನ್ನು ಯಂತ್ರಕ್ಕೆ ತಿಳಿಸಲಿಕ್ಕೆ ಹೆಣಗಬೇಕಾದರೆ, ಅರ್ಜಿ ಹಿಡಿದು ಕಚೇರಿ ಕಿಟಕಿಯೆದುರು ನಿಂತ ಹಾಗೆ.

ನಿನ್ನಂಥ ಆಟಗಳಿಗೆಂದೇ ಮೈಕ್ರೋಸಾಫ್ಟ್ 2010ರ ನವೆಂಬರ್‌ನಲ್ಲಿ ಕಿನೆಕ್ಟ್ ತಂದಿತು. ಕ್ಯಾಮೆರಾ ಮೈ ನೋಡುತ್ತಿತ್ತು, ನಾಲ್ಕು ಮೈಕು ಮಾತು ಕೇಳುತ್ತಿದ್ದವು. ಮೊದಲ 60 ದಿನದಲ್ಲಿ 80 ಲಕ್ಷ ಹೋದವು. 2017ರಲ್ಲಿ ತಯಾರಿಕೆಯೇ ನಿಂತಿತು. ಒಬ್ಬರು ಆಡಲಿಕ್ಕೆ ಸುಮಾರು 6 ಅಡಿ, ಇಬ್ಬರಿಗೆ 8 ಅಡಿ ದೂರ ಬೇಕು ಅಂತಿತ್ತು. ಮಂಚ, ತೊಗರಿ ಚೀಲ ಬಿಟ್ಟರೆ ನಮ್ಮ ಪಡಸಾಲೆಯಲ್ಲಿ ಉಳಿಯುವುದೆಷ್ಟು, ನೀನೇ ಅಳೆ. ಇನ್ನೊಂದು ನನ್ನ ಗುಮಾನಿ: ಬಹಳ ಆಟಗಳಲ್ಲಿ ಕೈ ಬೀಸುವುದು ಗುಂಡಿ ಒತ್ತುವುದರ ಬದಲಿಯಷ್ಟೇ ಆಗಿತ್ತು. ಗುಂಡಿಯೇ ಸುಲಭ ಅಂತ ಜನಕ್ಕೆ ತಿಳಿಯಲಿಕ್ಕೆ ಎಷ್ಟು ಹೊತ್ತು?

ಆದರೆ 2016ರ ಕಿನೆಕ್ಟ್ ಆಟ 'ಫ್ರು' ನೋಡು. ಆಡುವವನ ಮೈಯ ನೆರಳು ಪರದೆಯಲ್ಲಿ ಬಿದ್ದ ಕಡೆ ಮಾತ್ರ ಅಡಗಿದ ಮೆಟ್ಟಿಲು ಕಾಣುತ್ತವೆ. ಕೈ ಚಾಚಿ, ಸೊಂಟ ಬಗ್ಗಿಸಿ ಮೈಯನ್ನೇ ದಾರಿ ಮಾಡಬೇಕು. ಗುಂಡಿಗೆ ಅದು ಒಗ್ಗದು. ನಿನ್ನ ಕಲ್ಲು ಸರಿಸಲಿಕ್ಕೆ ಕೈಯೇ ಯಾಕೆ ಬೇಕು? ಉತ್ತರವಿಲ್ಲದಿದ್ದರೆ ಕಿತ್ತುಹಾಕು. ಒಮ್ಮೆ ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿಗೆ ಹೋಗಿ ಬಾ. ತೆರೆದ ಅಂಗಳವೇ ಇಲ್ಲ, ಎಲ್ಲ ಚಾವಣಿಯ ಕೆಳಗೆ. ಕಮಾನಿನ ಹಿಂದೆ ಕಮಾನು. ಎರಡು ಹೆಜ್ಜೆ ಪಕ್ಕಕ್ಕೆ ಸರಿ, ಮುಚ್ಚಿದ್ದ ಸಾಲು ತೆರೆಯುತ್ತದೆ. ತಲೆ ಸರಿಸಿದರಷ್ಟೇ ಕಾಣುವ ದಾರಿ, ಒಗಟು ಅಲ್ಲೇ ಕಾದು ಕೂತಿದೆ.

ಇನ್ನು ಮಾತು. ಯಂತ್ರಕ್ಕೆ ನೀನು "ನಿಲ್ಲು" ಕಲಿಸಿದ್ದೀ. ಈ ಕಡೆ ಯಾರಪ್ಪಾ ನಿಲ್ಲು ಅನ್ನುವವರು? ನಿಂದ್ರು, ನಿಂದ್ರ್ರಿ, ಉರ್ದು ಮನೆಯ ಹುಡುಗ ರುಕೋ ಅಂದಾನು. ಎಲ್ಲವನ್ನೂ ಒಂದೇ ಆಜ್ಞೆಗೆ ಕಟ್ಟು. ಒಂದು ಪರದೆಗೆ ನಾಲ್ಕೈದು ಆಜ್ಞೆ ಸಾಕು, ಪಟ್ಟಿ ಚಿಕ್ಕದಾದಷ್ಟು ಯಂತ್ರ ಎಡವುವುದು ಕಡಿಮೆ. "ಹಾಂ"ಗೆ ಒಂದು ಕೆಲಸ, "ಹೂಂ"ಗೆ ಇನ್ನೊಂದು ಇಡಬೇಡ. ತನಗೆ ಕೇಳಿಸಿದ್ದೇನು ಅಂತ ಅದು ತಕ್ಷಣ ತೋರಿಸಲಿ. ಅದು ತಪ್ಪು ಕೇಳಿಸಿಕೊಂಡಿದ್ದಕ್ಕೆ ಆಡುವವರ ಅಂಕ ಕಳೆಯಬೇಡ.

ಕ್ಯಾಮೆರಾ ಚಿತ್ರದಲ್ಲಿ ಮೈ ಗುರುತಿಸುವ ಮೀಡಿಯಾಪೈಪ್ ತಂತ್ರಾಂಶ ಮೈಮೇಲೆ 33 ಬಿಂದು ಹಿಡಿಯುತ್ತದೆ ಅಂತ ಹೆಮ್ಮೆಯಿಂದ ಹೇಳಿದೆ. ಸೀರೆ ಉಟ್ಟು ಚಕ್ಕಳಮಕ್ಕಳ ಹಾಕಿ ಕೂತವಳ ಮೊಣಕಾಲು ಅದು ಊಹಿಸಬೇಕಷ್ಟೆ. ಭುಜ, ಮೊಣಕೈ, ಮಣಿಕಟ್ಟು ಸಾಕು. ಕೈ ಎತ್ತಿಯೇ ಇರಿಸಬೇಡ, ತೋಳು ಸೋಲುತ್ತದೆ.

ಮುಂದಿನ ಪರೀಕ್ಷೆ ಲ್ಯಾಬಿನಲ್ಲಿ ಬೇಡ. ಮೇ ತಿಂಗಳಲ್ಲಿ ಇಲ್ಲಿಗೇ ಬಾ. ಬಿಸಿಲಿಗೆ ಓಣಿಯ ಹುಡುಗರೆಲ್ಲ ಪಡಸಾಲೆಯಲ್ಲೇ ಬಿದ್ದಿರುತ್ತಾರೆ. ಆಡಿದವರಿಗೆ ಒಂದೊಂದು ಕಮಲಾಪುರದ ಕೆಂಪು ಬಾಳೆಹಣ್ಣು, ನನ್ನ ಲೆಕ್ಕದಲ್ಲಿ. ಅವರು ಆಡುವಾಗ ನೀನು ತುಟಿ ಪಿಟಕ್ಕೆನ್ನಕೂಡದು. ಫ್ಯಾನ್ ಮಾತ್ರ ಆರಿಸುವುದಿಲ್ಲ. ಅಜ್ಜಿಯನ್ನು ಮತ್ತೆ ಕೂರಿಸುವ ಕೆಲಸ ನನಗಿರಲಿ.