ಬಯಲುಸೀಮೆಯಲ್ಲಿ ‘ಡ್ಯಾಂಕ್’ ಎಲ್ಲಿದೆ?

ಪ್ರಶ್ನೆ: ಮಗಳ ಇಂಗ್ಲಿಷ್ ಪಾಠದಲ್ಲಿ ‘ಡ್ಯಾಂಕ್’ ಎಂಬ ಪದ ಬಂದಿದೆ. ತೇವ, ಶೀತ ಎಂದು ಅರ್ಥ ಕೊಟ್ಟಿದ್ದಾರೆ. ಹಾಗಾದರೆ ಮಳೆ ಬಂದ ಮರುದಿನ ನಮ್ಮ ಹೊಲಕ್ಕೂ ಹಾಗೆ ಹೇಳಬಹುದೇ? ಅವಳ ಅಣ್ಣ ಮೊಬೈಲು ನೋಡುತ್ತಾ ‘ಡ್ಯಾಂಕ್ ಮೀಮ್’ ಎಂದು ನಗುತ್ತಾನೆ. ಅದೇನು?
– ಓದುಗರೊಬ್ಬರು, ಮಧುಗಿರಿ

ಉತ್ತರ: ಹೊಲಕ್ಕೆ ಒಪ್ಪುವುದಿಲ್ಲ. ಮಳೆ ಬಿದ್ದ ಹೊಲವನ್ನು ನೋಡಿ ರೈತ ‘ಹದ ಆಗಿದೆ’ ಎಂದು ಖುಷಿಪಡುತ್ತಾನೆ. ಡ್ಯಾಂಕ್ ಎನ್ನುವವನು ಮೂಗು ಮುರಿಯುತ್ತಾನೆ. ಬಿಸಿಲು ಬೀಳದ, ಗಾಳಿಯಾಡದ ಜಾಗದಲ್ಲಿ ನಿಂತುಹೋದ ಥಂಡಿ ತೇವ, ಅದರ ಜೊತೆಗೆ ಮುಗ್ಗಲು ವಾಸನೆ: ಇವೆಲ್ಲ ಕೂಡಿದರೆ ಡ್ಯಾಂಕ್. ನೆಲಮಾಳಿಗೆ, ಗವಿ, ಹಳೆಯ ಸೆರೆಮನೆ, ಬಿಸಿಲು ತಾಗದ ದಟ್ಟ ಕಾಡು, ಇಂಥವಕ್ಕೆ ಇಂಗ್ಲಿಷಿನವರು ಆ ಪದ ಬಳಸುತ್ತಾರೆ. ಬರೀ ಒದ್ದೆಯಾದರೆ ‘ಡ್ಯಾಂಪ್’. ಸೆಕೆಯ ಜೊತೆಗಿನ ತೇವ ‘ಹ್ಯೂಮಿಡ್’. ಜ್ವರ ಬಿಡುವಾಗ ಅಂಟಂಟಾಗುವ ತಣ್ಣನೆಯ ಮೈ ‘ಕ್ಲ್ಯಾಮಿ’. ಮೆತ್ತಗಿನ ಕೇಕು ‘ಮಾಯ್ಸ್ಟ್’. ಅದನ್ನು ಡ್ಯಾಂಕ್ ಎಂದರೆ ಮಾಡಿದವರು ಮುನಿಸಿಕೊಂಡಾರು.

ನಿಮ್ಮ ಕಡೆ ಇದಕ್ಕೆ ಉದಾಹರಣೆ ಹುಡುಕುವುದು ಸ್ವಲ್ಪ ಕಷ್ಟವೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಘಟ್ಟದ ಮಳೆನೆರಳಿನ ಸೀಮೆ. ಪಾವಗಡದ ಬಿಸಿಲನ್ನು ನಂಬಿಯೇ ತಿರುಮಣಿಯ ಸುತ್ತ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಎದ್ದಿದೆ. ಆದರೂ ಬಂಡೆಯ ಒಳಗೆ ಹೊಕ್ಕರೆ ಹವೆಯೇ ಬೇರೆ. ಗವಿಯ ಒಳಗೋಡೆ ಹಗಲಿನ ಬಿಸಿಲಿಗೆ ಬೇಗ ಕಾಯುವುದಿಲ್ಲ. ಮಳೆಗಾಲದ ಪಸೆಗಾಳಿ ಒಳಗೆ ಬಂದು ಆ ತಣ್ಣನೆಯ ಕಲ್ಲಿಗೆ ತಾಗಿದರೆ ಹನಿಗಟ್ಟುತ್ತದೆ. ಬಿರುಕುಗಳಲ್ಲಿ ಇಂಗಿದ ಮಳೆನೀರೂ ಜಿನುಗುತ್ತದೆ. ಒಣಗಿಸಲು ಗಾಳಿಯಿಲ್ಲ. ಹೊರಗೆ ಕಾದ ಬಂಡೆ ಕಾಲು ಸುಡುತ್ತಿದ್ದರೂ ಒಳಗೆ ಥಂಡಿ ತೇವ ಉಳಿದುಕೊಳ್ಳುವುದು ಹೀಗೆ.

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟದ ಗವಿಯನ್ನೇ ತೆಗೆದುಕೊಳ್ಳಿ. ಅಲ್ಲಿ ನೀರಿದೆ, ತಂಪಿದೆ, ಅರೆಗತ್ತಲಿದೆ. ಸಿದ್ಧೇಶ್ವರನ ದರ್ಶನಕ್ಕೆ ಹೋದವರಿಗೆ ಅದು ತೀರ್ಥ, ಹಿತವಾದ ತಂಪು. ಬೆವರಿಳಿಸಿಕೊಂಡು ಬಂದ ಚಾರಣಿಗನಿಗೆ ಅದೇ ಗವಿ ಮುಗ್ಗಲು ಹೊಡೆಯಬಹುದು; ಡ್ಯಾಂಕ್ ಎನ್ನುವವನು ಅವನು. ತೇವ ಎಷ್ಟಿದೆ ಎನ್ನುವುದಕ್ಕಿಂತ ಹೇಳುವವನಿಗೆ ಅದು ಹಿಡಿಸಿತೋ ಇಲ್ಲವೋ ಎನ್ನುವುದು ಈ ಪದದಲ್ಲಿ ಮುಖ್ಯ.

ಮನೆಯ ಹತ್ತಿರದ್ದೇ ಬೇಕೆಂದರೆ ಮಾಳಿಗೆ ಮನೆಗಳಿವೆ. ಜಡಿಮಳೆ ಹಿಡಿದು ಮೇಲಿನ ಮಣ್ಣು ನೆನೆದು ಸೋರಿದರೆ, ಕಿಟಕಿಯಿಲ್ಲದ ಒಳಕೋಣೆ ವಾರಗಟ್ಟಲೆ ಡ್ಯಾಂಕ್. ನಮ್ಮ ಹಿರಿಯರು ರಾಗಿ ತುಂಬಿಡುತ್ತಿದ್ದ ಹಗೇವು ಮಾತ್ರ ನೆಲದೊಳಗಿದ್ದರೂ ಹಾಗಲ್ಲ. ನೀರು ನಿಲ್ಲದ ಎತ್ತರದ ಜಾಗ ನೋಡಿ ತೋಡಿ, ಹುಲ್ಲು ಹಾಸಿ, ಬಾಯಿ ಮುಚ್ಚಿ ಮೆತ್ತುತ್ತಿದ್ದರು. ಒಳಗೆ ಪಸೆ ಹೋಗದಿದ್ದರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ.  ಅಂಥ ಎಚ್ಚರವಿಲ್ಲದೆ ಕಡಲೆಕಾಯಿಯನ್ನು ಪಸೆಯ ಕೋಣೆಯಲ್ಲಿ ರಾಶಿ ಹಾಕಿದರೆ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಸೇರಿಕೊಳ್ಳಬಹುದು. ಅದು ಯಕೃತ್ತಿಗೆ ಕೇಡು. ಹುರಿದರೂ ಪೂರ್ತಿ ಹೋಗುವುದಿಲ್ಲ.

ಇನ್ನು ಅಣ್ಣನ ಮೀಮು. ಘಾಟು ಜಾಸ್ತಿಯಿರುವ ಗಾಂಜಾವನ್ನು ಅಮೆರಿಕದ ಹುಡುಗರು ಡ್ಯಾಂಕ್ ಎನ್ನತೊಡಗಿದರು. ಬರಬರುತ್ತಾ ಅದು ‘ಸಖತ್’ ಎಂಬ ಮೆಚ್ಚುಗೆಯಾಯಿತು. ಮೀಮಿಗೆ ಅಂಟಿದ ಮೇಲೆ ವಿಚಿತ್ರ, ತಲೆಬುಡವಿಲ್ಲದ ತಮಾಷೆ ಎಂಬ ಅರ್ಥವೂ ಸೇರಿಕೊಂಡಿತು. ಗೆಳೆಯರ ಹರಟೆಗೆ ಸರಿ. ಪರೀಕ್ಷೆಯಲ್ಲಿ ಮಗಳು ಹಳೆಯ ಅರ್ಥವನ್ನೇ ಬರೆಯಲಿ.