ಓದಿನಲ್ಲಿ ಹಿಂದುಳಿದ ಮಗು: ಒಂದು ನಿಮಿಷದ ಅಳತೆಯಿಂದ ನೆರವಿನವರೆಗೆ

ಓದಿನಲ್ಲಿ ಹಿಂದುಳಿದ ಮಗುವಿನ ಬಗ್ಗೆ ಶಾಲೆಯಲ್ಲಿಯೂ ಮನೆಯಲ್ಲಿಯೂ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ: ಮಗುವಿಗೆ ಶ್ರದ್ಧೆ ಸಾಲದು ಎಂಬುದು ಒಂದು, ದೊಡ್ಡದಾಗುತ್ತಾ ತಾನಾಗಿಯೇ ಸರಿಹೋಗುತ್ತದೆ ಎಂಬುದು ಇನ್ನೊಂದು. ಎರಡೂ ಮಗುವಿನ ಓದನ್ನು ಪರಿಶೀಲಿಸದೆ ಕೊಟ್ಟ ತೀರ್ಪುಗಳಾಗಿದ್ದು, ಎರಡನೆಯದು ಹೆಚ್ಚು ಹಾನಿಕಾರಕ. ಓದು ಕಷ್ಟವಾದ ಮಗು ಕಡಿಮೆ ಓದುತ್ತದೆ, ಕಡಿಮೆ ಓದಿದ್ದರಿಂದ ಅದರ ಪದಸಂಪತ್ತು ಬೆಳೆಯುವುದಿಲ್ಲ, ಪದಗಳ ಪರಿಚಯವಿಲ್ಲದ್ದರಿಂದ ಓದು ಮತ್ತಷ್ಟು ಕಷ್ಟವಾಗುತ್ತದೆ. ಹೀಗೆ ಅಂತರವು ವರ್ಷದಿಂದ ವರ್ಷಕ್ಕೆ ಹಿಗ್ಗುವುದನ್ನು ಮನೋವಿಜ್ಞಾನಿ ಕೀತ್ ಸ್ಟಾನೊವಿಚ್ 1986ರಲ್ಲಿಯೇ ವಿವರಿಸಿದ್ದಾರೆ.

ಈ ಅಂತರವನ್ನು ಬೇಗನೆ ಗುರುತಿಸಲು ದುಬಾರಿ ಉಪಕರಣಗಳೇನೂ ಬೇಕಿಲ್ಲ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಡೆನೊ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದ ಕೊನೆಯಿಂದ ರೂಪಿಸಿದ ಪಠ್ಯಾಧಾರಿತ ಅಳತೆ ಎಂಬ ವಿಧಾನದಲ್ಲಿ ಮಗು ತನ್ನ ತರಗತಿಯ ಮಟ್ಟದ ಪಾಠಭಾಗವನ್ನು ಒಂದು ನಿಮಿಷ ಗಟ್ಟಿಯಾಗಿ ಓದುತ್ತದೆ, ಶಿಕ್ಷಕರು ಸರಿಯಾಗಿ ಓದಿದ್ದನ್ನು ಎಣಿಸುತ್ತಾರೆ, ಇದು ವಾರವಾರವೂ ನಡೆಯುತ್ತದೆ. ವರ್ಷಕ್ಕೆರಡು ಬಾರಿಯ ಪರೀಕ್ಷೆ ಮಗು ಎಲ್ಲಿ ನಿಂತಿದೆ ಎಂಬುದನ್ನು ಮಾತ್ರ ಹೇಳಿದರೆ, ಈ ಪುಟ್ಟ ಅಳತೆ ತಾವು ಕಲಿಸುತ್ತಿರುವ ಕ್ರಮ ಫಲಿಸುತ್ತಿದೆಯೇ ಎಂಬುದನ್ನು ಶಿಕ್ಷಕರಿಗೆ ತಿಳಿಸುತ್ತದೆ. ಇದರ ನಿಜವಾದ ಮೌಲ್ಯ ಇರುವುದು ಅಲ್ಲಿಯೇ.

ಅಳೆಯುವ ಮುನ್ನ

ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ ಆಗಬೇಕು. ಕಪ್ಪುಹಲಗೆ ಮಸುಕಾಗಿ ಕಾಣುವ ಅಥವಾ ಪದೇ ಪದೇ ಕಿವಿ ಸೋರುವ ಮಗು ಓದಿನಲ್ಲಿ ಹಿಂದೆ ಬಿದ್ದರೆ ಅದಕ್ಕೆ ಬೇಕಾದದ್ದು ವೈದ್ಯರ ನೆರವು. ಸರ್ಕಾರಿ ಶಾಲೆಗಳ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಈ ತಪಾಸಣೆ ಉಚಿತವಾಗಿ ದೊರೆಯುತ್ತದೆ. ಹಾಜರಿ ಪುಸ್ತಕವನ್ನೂ ನೋಡಬೇಕು, ಏಕೆಂದರೆ ಪೋಷಕರೊಡನೆ ಗುಳೆ ಹೋಗಿ ತಿಂಗಳುಗಟ್ಟಲೆ ತರಗತಿ ತಪ್ಪಿಸಿಕೊಂಡ ಮಗುವಿಗೆ ಇರುವುದು ಕಲಿಕೆಯ ತೊಡಕಲ್ಲ, ಕಲಿಯುವ ಅವಕಾಶದ ಕೊರತೆ. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಅಥವಾ ತೆಲುಗು ಆಡುವ ಮಗುವಿಗೆ ಶಾಲೆಯ ಕನ್ನಡ ಎರಡನೆಯ ಭಾಷೆಯಾಗಿರುತ್ತದೆ ಎಂಬುದೂ ನೆನಪಿನಲ್ಲಿರಬೇಕು.

ಪಾಠಭಾಗದ ಆಯ್ಕೆ ಮತ್ತು ಎಣಿಕೆ

ಮಗು ಹಿಂದೆ ಓದಿರದ, ತರಗತಿಯ ಪಠ್ಯಪುಸ್ತಕದಷ್ಟೇ ಕಠಿಣವಾದ ಮೂರು ಗದ್ಯಭಾಗಗಳನ್ನು ಆರಿಸಿಕೊಳ್ಳಬೇಕು. ಪದ್ಯ ಮತ್ತು ಸಂಭಾಷಣೆ ಇದಕ್ಕೆ ಒದಗುವುದಿಲ್ಲ. ಇಂಗ್ಲಿಷಿನಲ್ಲಿ ನಿಮಿಷಕ್ಕೆ ಎಷ್ಟು ಪದ ಎಂದು ಎಣಿಸುವ ರೂಢಿಯಿದೆ. ಕನ್ನಡದಲ್ಲಿ ಆ ಎಣಿಕೆ ದಾರಿ ತಪ್ಪಿಸುತ್ತದೆ, ಏಕೆಂದರೆ ಇಲ್ಲಿ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡು ಬರುವುದರಿಂದ ‘ಮನೆ’ ಒಂದು ಪದವಾಗುವಂತೆ ‘ಮನೆಯಲ್ಲಿದ್ದವರಿಗೆಲ್ಲ’ ಎಂಬುದೂ ಒಂದೇ ಪದವಾಗುತ್ತದೆ, ಮೊದಲನೆಯದರಲ್ಲಿ 2 ಅಕ್ಷರಗಳಿದ್ದರೆ ಎರಡನೆಯದರಲ್ಲಿ 9 ಇವೆ. ಆದ್ದರಿಂದ ಅಕ್ಷರಗಳನ್ನೇ ಎಣಿಸುವುದು ಸೂಕ್ತ. ಒತ್ತಕ್ಷರ ಸಹಿತವಾದದ್ದನ್ನು ಒಂದೇ ಅಕ್ಷರವೆಂದು ಲೆಕ್ಕಿಸಿ, ಪ್ರತಿ ಸಾಲಿನ ಕೊನೆಯಲ್ಲಿ ಅಲ್ಲಿಯವರೆಗಿನ ಮೊತ್ತವನ್ನು ಶಿಕ್ಷಕರ ಪ್ರತಿಯಲ್ಲಿ ಬರೆದಿಟ್ಟುಕೊಂಡರೆ ಓದು ಮುಗಿದ ಕೂಡಲೇ ಲೆಕ್ಕ ಸಿಗುತ್ತದೆ.

ಇದೇ ಕಾರಣಕ್ಕೆ ಇಂಗ್ಲಿಷ್ ಓದಿನ ಮಾನದಂಡಗಳನ್ನು ಕನ್ನಡದ ಮಗುವಿಗೆ ಅನ್ವಯಿಸಬಾರದು. ಅದೇ ತರಗತಿಯಲ್ಲಿ ಸಾಧಾರಣವಾಗಿ ಓದುವ ಐದಾರು ಮಕ್ಕಳಿಂದ ಅವೇ ಗದ್ಯಭಾಗಗಳನ್ನು ಓದಿಸಿ, ಬಂದ ಅಂಕಗಳಲ್ಲಿ ಮಧ್ಯದ್ದನ್ನು ಹೋಲಿಕೆಗೆ ಇಟ್ಟುಕೊಂಡರೆ ಶಾಲೆಗೆ ತನ್ನದೇ ಆದ ಮಾನದಂಡ ದೊರೆಯುತ್ತದೆ.

ಆ ಒಂದು ನಿಮಿಷ

ಮಗುವನ್ನು ಉಳಿದವರಿಂದ ದೂರದಲ್ಲಿ, ಶಾಂತವಾದ ಜಾಗದಲ್ಲಿ ಕೂರಿಸಿ, ಇದು ಅಂಕ ಕೊಡುವ ಪರೀಕ್ಷೆಯಲ್ಲ ಎಂದು ತಿಳಿಸಿ, ವೇಗಕ್ಕಾಗಿ ಅವಸರಪಡದೆ ಚೆನ್ನಾಗಿ ಓದುವಂತೆ ಹೇಳಬೇಕು. ಮಗು ಯಾವುದಾದರೂ ಪದದ ಮುಂದೆ ನಿಂತುಬಿಟ್ಟರೆ ಮೂರು ಸೆಕೆಂಡು ಕಾದು, ಆ ಪದವನ್ನು ತಾವೇ ಹೇಳಿಕೊಟ್ಟು, ಅದರ ಅಕ್ಷರಗಳನ್ನು ತಪ್ಪಿನ ಲೆಕ್ಕಕ್ಕೆ ಸೇರಿಸಬೇಕು. ಮಗು ಅಷ್ಟರೊಳಗೆ ತಾನೇ ತಿದ್ದಿಕೊಂಡರೆ ಅದು ಸರಿಯೆಂದೇ ಆಗುತ್ತದೆ. ಓದಿದ್ದನ್ನೇ ಮತ್ತೆ ಓದುವುದು ತಪ್ಪಲ್ಲ. ಹಳೆ ಮೈಸೂರು ಸೀಮೆಯ ಆಡುಮಾತಿನ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಉಚ್ಚರಿಸಿದರೆ ಅದೂ ತಪ್ಪಲ್ಲ. ಮನೆಮಾತಿನ ಉಚ್ಚಾರಣೆಯನ್ನು ಓದಿನ ದೋಷವೆಂದು ಬಗೆಯುವುದು ಅನ್ಯಾಯ. ನಿಮಿಷ ಮುಗಿದಾಗ ಓದಿದ ಒಟ್ಟು ಅಕ್ಷರಗಳಿಂದ ತಪ್ಪಿದವನ್ನು ಕಳೆಯಬೇಕು, ಮೂರೂ ಗದ್ಯಭಾಗಗಳ ಅಂಕಗಳಲ್ಲಿ ಮಧ್ಯದ್ದನ್ನು ಮಗುವಿನ ಆರಂಭದ ಮಟ್ಟವೆಂದು ದಾಖಲಿಸಬೇಕು.

ತಪ್ಪುಗಳು ಹೇಳುವ ಮಾತು

ಅಂಕಕ್ಕಿಂತಲೂ ಅಮೂಲ್ಯವಾದದ್ದು ತಪ್ಪುಗಳ ಸ್ವರೂಪ. ಕನ್ನಡ ಲಿಪಿಯಲ್ಲಿ ವರ್ಣಮಾಲೆಯ ಅಕ್ಷರಗಳ ಮೇಲೆ ಕಾಗುಣಿತದ ಚಿಹ್ನೆಗಳೂ ಒತ್ತುಗಳೂ ಸೇರಿ ನೂರಾರು ರೂಪಗಳಾಗುವುದರಿಂದ ಅವನ್ನು ಕಲಿಯಲು ಇಂಗ್ಲಿಷಿನ 26 ಅಕ್ಷರಗಳಿಗಿಂತ ಬಹಳ ಹೆಚ್ಚು ಕಾಲ ಬೇಕಾಗುತ್ತದೆ. ಕನ್ನಡ ಓದುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅಕ್ಷರಕಲಿಕೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುವುದು ಕಂಡುಬಂದಿದೆ. ಎರಡನೆಯ ತರಗತಿಯ ಮಗುವೊಂದು ಒತ್ತಕ್ಷರದಲ್ಲಿ ಎಡವಿದ ಮಾತ್ರಕ್ಕೆ ಗಾಬರಿಪಡುವ ಅಗತ್ಯವಿಲ್ಲ ಎಂಬುದು ಇದರಿಂದ ಸಿಗುವ ಸಮಾಧಾನ.

ತಪ್ಪುಗಳನ್ನು ಗುಂಪು ಮಾಡಿ ಬರೆದುಕೊಂಡಾಗ ಕೆಲವು ಮಾದರಿಗಳು ಕಾಣುತ್ತವೆ. ‘ಕೆರೆ’ಯನ್ನು ‘ಕೇರೆ’ ಎಂದು ಓದುವ ಮಗುವಿಗೆ ಹ್ರಸ್ವ ದೀರ್ಘಗಳ ಗುರುತು ನಿಂತಿಲ್ಲ. ‘ಪ’ ಮತ್ತು ‘ಷ’, ‘ವ’ ಮತ್ತು ‘ಮ’, ‘ದ’ ಮತ್ತು ‘ಧ’ಗಳನ್ನು ಅದಲುಬದಲು ಮಾಡುವ ಮಗುವಿಗೆ ಆಕಾರದ ಸಣ್ಣ ವ್ಯತ್ಯಾಸಗಳು ಇನ್ನೂ ಹಿಡಿತಕ್ಕೆ ಬಂದಿಲ್ಲ. ‘ಧರ್ಮ’ವನ್ನು ‘ಧಮರ’ ಎಂದು ಓದುವ ಮಗು ಅರ್ಕಾವೊತ್ತನ್ನು ಕಂಡ ಕ್ರಮದಲ್ಲಿಯೇ ಉಚ್ಚರಿಸುತ್ತಿದೆ, ಅಂದರೆ ಕಣ್ಣು ಸರಿಯಾಗಿ ನೋಡಿದೆ, ನಿಯಮ ಮಾತ್ರ ತಿಳಿದಿಲ್ಲ. ಮೊದಲ ಅಕ್ಷರ ನೋಡಿ ಇಡೀ ಪದವನ್ನು ಊಹಿಸುವ ಮಗುವಿನ ತೊಡಕು ಇವೆಲ್ಲಕ್ಕಿಂತ ಬೇರೆಯದು.

ಇನ್ನೊಂದು ಪರಿಶೀಲನೆ ಇಲ್ಲಿ ಅವಶ್ಯ. ಫಿಲಿಪ್ ಗಫ್ ಮತ್ತು ವಿಲಿಯಂ ಟನ್‌ಮರ್ 1986ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಓದಿ ಅರ್ಥಮಾಡಿಕೊಳ್ಳುವ ಶಕ್ತಿಯು ಲಿಪಿಯನ್ನು ಧ್ವನಿಯಾಗಿಸುವ ಸಾಮರ್ಥ್ಯ ಮತ್ತು ಕೇಳಿದ ಭಾಷೆಯನ್ನು ಗ್ರಹಿಸುವ ಸಾಮರ್ಥ್ಯ ಎರಡರ ಗುಣಲಬ್ಧವಾಗಿದ್ದು, ಒಂದು ಸೊನ್ನೆಯಾದರೆ ಫಲವೂ ಸೊನ್ನೆಯಾಗುತ್ತದೆ. ಅದೇ ಮಟ್ಟದ ಕಥೆಯೊಂದನ್ನು ಶಿಕ್ಷಕರೇ ಓದಿ ಹೇಳಿ ಪ್ರಶ್ನೆ ಕೇಳಿದಾಗ ಮಗು ಚೆನ್ನಾಗಿ ಉತ್ತರಿಸಿದರೆ ತೊಡಕು ಲಿಪಿಯಲ್ಲಿದೆ. ಉತ್ತರಿಸಲು ಆಗದಿದ್ದರೆ ಮಾತಿನ ಭಾಷೆಯನ್ನೇ ಮೊದಲು ಬೆಳೆಸಬೇಕಾಗುತ್ತದೆ.

ನೆರವು ಮತ್ತು ದಾಖಲೆ

ಕಂಡ ತಪ್ಪಿಗೆ ತಕ್ಕ ನೆರವನ್ನು ಮೂರು ನಾಲ್ಕು ಮಕ್ಕಳ ಗುಂಪಿಗೆ ದಿನಕ್ಕೆ ಸುಮಾರು 20 ನಿಮಿಷ ಕೊಡಬಹುದು. ಕಾಗುಣಿತವನ್ನು ಕ್ರಮವಾಗಿ ಒಪ್ಪಿಸುವ ಮಗುವಿಗೆ ಬಿಡಿ ಅಕ್ಷರದ ಗುರುತು ಇರದಿರುವ ಸಾಧ್ಯತೆ ಇರುವುದರಿಂದ ಮಿಂಚುಪಟ್ಟಿಗಳನ್ನು ಕಲಸಿ ತೋರಿಸಬೇಕು. ಒತ್ತಕ್ಷರವನ್ನು ‘ಕ್’, ‘ತ’ ಎಂದು ಬಿಡಿಸಿ, ಕೂಡಿಸಿ ‘ಕ್ತ’ ಎಂದು ಹೇಳಿಸಬೇಕು. ಕೊನೆಯ ಐದಾರು ನಿಮಿಷ ಒಂದೇ ಸಣ್ಣ ಗದ್ಯಭಾಗವನ್ನು ಮೂರು ನಾಲ್ಕು ಸಲ ಓದಿಸಬೇಕು. ಜೇ ಸ್ಯಾಮ್ಯುಯೆಲ್ಸ್ 1979ರಲ್ಲಿ ವಿವರಿಸಿದ ಈ ಪುನರೋದಿನ ಕ್ರಮದಿಂದ ಓದು ಸರಾಗವಾಗುತ್ತದೆ, ಜೊತೆಗೆ ತನ್ನ ಸುಧಾರಣೆಯನ್ನು ಮಗು ಅದೇ ದಿನ ಕಾಣುತ್ತದೆ.

ವಾರಕ್ಕೊಮ್ಮೆ ಹೊಸ ಗದ್ಯಭಾಗದಿಂದ ಅಳೆದು ಚೌಕಳಿ ಹಾಳೆಯಲ್ಲಿ ಬಿಂದುವಾಗಿ ಗುರುತಿಸಬೇಕು. ಉದಾಹರಣೆಗೆ ಆರಂಭದ ಮಟ್ಟ 40 ಅಕ್ಷರಗಳಿದ್ದು ಹತ್ತು ವಾರಗಳಲ್ಲಿ 70 ತಲುಪುವ ಗುರಿಯಿಟ್ಟರೆ, ಎರಡನ್ನೂ ಸೇರಿಸುವ ಗೆರೆ ವಾರಕ್ಕೆ 3 ಅಕ್ಷರಗಳ ಏರಿಕೆಯನ್ನು ತೋರಿಸುತ್ತದೆ. ಸತತ ನಾಲ್ಕು ಬಿಂದುಗಳು ಗೆರೆಯ ಕೆಳಗೆ ಬಿದ್ದರೆ ಬದಲಾಗಬೇಕಾದದ್ದು ಕಲಿಸುವ ಕ್ರಮ: ಗುಂಪನ್ನು ಕಿರಿದಾಗಿಸಬಹುದು, ಅವಧಿಯನ್ನು ಹೆಚ್ಚಿಸಬಹುದು, ಇನ್ನೂ ಸುಲಭದ ಹಂತಕ್ಕೆ ಇಳಿಯಬಹುದು.

ತಜ್ಞರ ಬಳಿಗೆ

ಕ್ರಮವನ್ನು ಒಂದೆರಡು ಬಾರಿ ಬದಲಿಸಿ ನಿಷ್ಠೆಯಿಂದ ಕಲಿಸಿದ ನಂತರವೂ ಏರಿಕೆ ಕಾಣದಿದ್ದರೆ ನಿರ್ದಿಷ್ಟ ಕಲಿಕಾ ನ್ಯೂನತೆಯ ಸಾಧ್ಯತೆಯನ್ನು ಪರಿಗಣಿಸಬೇಕು. ಬುದ್ಧಿಶಕ್ತಿಯಲ್ಲಿ ಕೊರತೆ ಇಲ್ಲದಿದ್ದರೂ ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ತೀವ್ರ ತೊಡಕು ಉಳಿಯುವುದನ್ನು ಹೀಗೆ ಕರೆಯುತ್ತಾರೆ. ಹಿಂದೆ ಬುದ್ಧಿಸೂಚ್ಯಂಕಕ್ಕೂ ಓದಿನ ಸಾಧನೆಗೂ ದೊಡ್ಡ ಅಂತರ ಬಂದಾಗ ಮಾತ್ರ ಇದನ್ನು ಗುರುತಿಸುವ ಪದ್ಧತಿ ವ್ಯಾಪಕವಾಗಿತ್ತು. ಆ ಅಂತರ ಮೂಡುವಷ್ಟರಲ್ಲಿ ಮಗು ಹಲವು ವರ್ಷ ಸೋತಿರುತ್ತಿತ್ತು ಎಂಬ ಟೀಕೆ ಬಲವಾದಾಗ, ಅಮೆರಿಕದ 2004ರ ಕಾನೂನು ನೆರವಿಗೆ ಮಗು ಹೇಗೆ ಸ್ಪಂದಿಸುತ್ತದೆ ಎಂಬುದನ್ನೂ ಆಧಾರವಾಗಿ ಬಳಸಲು ಅವಕಾಶ ಕೊಟ್ಟಿತು.

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗಳಲ್ಲಿ ಇಂತಹ ಮೌಲ್ಯಮಾಪನ ನಡೆಯುತ್ತದೆ. ದೂರದ ಊರಿನವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸುವುದು ಒಳಿತು. ಹೋಗುವಾಗ ವಾರದ ಅಂಕಗಳ ಹಾಳೆ, ತಪ್ಪುಗಳ ಪಟ್ಟಿ, ಬರವಣಿಗೆಯ ಪುಸ್ತಕಗಳು ಮತ್ತು ಕಣ್ಣು ಕಿವಿಗಳ ತಪಾಸಣೆಯ ವರದಿಯನ್ನು ಒಯ್ದರೆ ತಜ್ಞರಿಗೆ ತಿಂಗಳುಗಳ ಮಾಹಿತಿ ಒಮ್ಮೆಗೇ ದೊರೆಯುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿರುವುದರಿಂದ, ಪ್ರಮಾಣಪತ್ರ ಪಡೆದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂತಹ ಸೌಲಭ್ಯಗಳನ್ನು ಕೋರಬಹುದು. ಈ ಅರ್ಜಿಯನ್ನು ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾಗುವವರೆಗೆ ಮುಂದೂಡಬಾರದು.

ಮೌಲ್ಯಮಾಪನದ ಸರದಿಗೆ ತಿಂಗಳುಗಳು ಹಿಡಿದರೂ ಆ ಅವಧಿಯಲ್ಲಿ ದಿನದ 20 ನಿಮಿಷದ ನೆರವನ್ನು ಯಾವ ಶಿಕ್ಷಕರೂ ಯಾವ ಪೋಷಕರೂ ನಿಲ್ಲಿಸದಿರಲಿ. ಅದನ್ನು ಕೊಡಲು ಯಾವ ಪ್ರಮಾಣಪತ್ರವೂ ಬೇಕಿಲ್ಲ.